ನೀರಿನೊಳಗಣ ವಿಷವನ್ನು ತೋರುವ ಅಚ್ಚಿನ ಪಟ್ಟಿ

ಬಾವಿಯ ನೀರು ತಿಳಿಯಾಗಿದ್ದ ಮಾತ್ರಕ್ಕೆ ಅದು ನಿರಪಾಯವೆನ್ನಲಾಗದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನೂ, ಜನರ ಚರ್ಮದಲ್ಲಿ ಅದರ ವಿಕಾರಗಳು ತೋರಿದುದನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಚಿನ್ನವುಳ್ಳ ಶಿಲೆಗಳಲ್ಲಿ ಆರ್ಸೆನಿಕ್ ಖನಿಜಗಳೂ ಬೆರೆತಿರುವುದುಂಟು. ನೀರಿನಲ್ಲಿ ಕರಗಿದ ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ವಿಧಿಸುತ್ತದೆ.

ಇಷ್ಟು ಅಲ್ಪಾಂಶವನ್ನು ಅಳೆಯುವುದು ಹೇಗೆ? ದ್ರಾವಣಗಳನ್ನು ವಿದ್ಯುತ್ತಿನಿಂದ ವಿಶ್ಲೇಷಿಸುವ ವಿಧಾನವೊಂದನ್ನು 1922ರಲ್ಲಿ ಪ್ರಾಗ್ ನಗರದ ಹೇರೋವ್ಸ್ಕಿಯವರು ಕಂಡುಹಿಡಿದರು. 1959ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ವಂಶದ ಕುಡಿಯೇ ಇಂದಿನ ಅಚ್ಚಿನ ಪಟ್ಟಿ. ಲಗ್ನಪತ್ರಿಕೆಯನ್ನು ಪರದೆಯ ಮೂಲಕ ಅಚ್ಚೊತ್ತುವಂತೆಯೇ, ಪ್ಲಾಸ್ಟಿಕ್ ತುಂಡಿನ ಮೇಲೆ ಚಿನ್ನ, ಇಂಗಾಲ, ಬೆಳ್ಳಿಗಳ ಮಸಿಯಿಂದ ಮೂರು ವಿದ್ಯುದಗ್ರಗಳನ್ನು ಮುದ್ರಿಸುತ್ತಾರೆ.

ಆಮ್ಲ ಬೆರೆಸಿದ ನೀರಿನಲ್ಲಿ ಪಟ್ಟಿಯನ್ನದ್ದಿ, ಚಿನ್ನದ ಅಗ್ರಕ್ಕೆ ಋಣ ವಿಭವವನ್ನು ಕೊಟ್ಟರೆ ಆರ್ಸೆನಿಕ್ ಅದರ ಮೇಲೆ ಲೇಪವಾಗಿ ಕೂಡುತ್ತದೆ. ಕೆಲ ನಿಮಿಷಗಳಲ್ಲಿ ಚದುರಿದ್ದುದು ಒಂದೆಡೆ ಸಂಗ್ರಹವಾಯಿತು. ಬಳಿಕ ವಿಭವವನ್ನು ಧನದತ್ತ ಏರಿಸಿದರೆ ಲೇಪವು ಮರಳಿ ಕರಗುತ್ತದೆ. ಆಗ ವಿದ್ಯುತ್ಪ್ರವಾಹದ ರೇಖೆಯಲ್ಲಿ ಶಿಖರವೊಂದು ಏಳುತ್ತದೆ. ಶಿಖರದ ಸ್ಥಾನವು ವಸ್ತು ಯಾವುದೆಂಬುದನ್ನೂ, ಎತ್ತರವು ಎಷ್ಟೆಂಬುದನ್ನೂ ಹೇಳುತ್ತದೆ.

ಆದರೆ ನೀರಿನಲ್ಲಿ ತಾಮ್ರವಿದ್ದರೆ ಅಳತೆ ಕೆಡಬಹುದು. ಆದುದರಿಂದ ಪಟ್ಟಿಯು ಸಂದೇಹದ ಬಾವಿಗಳನ್ನು ಬೇಗನೆ ಆರಿಸಿಕೊಡಲಿ. ನಿರ್ಣಯವನ್ನು ಪ್ರಯೋಗಶಾಲೆ ಕೊಡಲಿ. ಕಾಯಿಸಿದರೆ ಈ ವಿಷ ಹೋಗುವುದೆಂದು ಮಾತ್ರ ವಾಚಕರು ನಂಬಬಾರದು: ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ.