ವಾಸನೆಯೇ ಇವುಗಳ ಮಾತು

ಮಕ್ಕಳೇ, ಬೆಲ್ಲದ ಚೂರೊಂದು ನೆಲಕ್ಕೆ ಬಿದ್ದರೆ ಏನಾಗುತ್ತದೆ? ಮೊದಲು ಒಂದೆರಡು ಇರುವೆಗಳು ಬರುತ್ತವೆ. ಸ್ವಲ್ಪ ಹೊತ್ತಿನಲ್ಲೇ ಉದ್ದನೆಯ ಸಾಲು ಹರಿದು ಬರುತ್ತದೆ. ಬೆಲ್ಲ ಇಲ್ಲಿದೆ ಎಂದು ಉಳಿದ ಇರುವೆಗಳಿಗೆ ತಿಳಿಸಿದವರು ಯಾರು?

ಬೆಲ್ಲ ಕಂಡ ಇರುವೆಯೇ ತಿಳಿಸಿತು. ಅನೇಕ ಜಾತಿಯ ಇರುವೆಗಳು ಗೂಡಿಗೆ ಮರಳುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತಾ ನಡೆಯುತ್ತವೆ. ಆಗ ದೇಹದ ಗ್ರಂಥಿಯಿಂದ ಹೊರಬಂದ ರಾಸಾಯನಿಕ ದಾರಿಯುದ್ದಕ್ಕೂ ಅಂಟುತ್ತದೆ. ಉಳಿದ ಇರುವೆಗಳು ಕುಡಿಮೀಸೆಗಳಿಂದ ಆ ವಾಸನೆ ಹಿಡಿದು ಬೆಲ್ಲದತ್ತ ನಡೆಯುತ್ತವೆ. ಬೆಲ್ಲ ಮುಗಿದ ಮೇಲೆ ಯಾವ ಇರುವೆಯೂ ಹೊಸದಾಗಿ ವಾಸನೆ ಹಚ್ಚುವುದಿಲ್ಲ. ಹಳೆಯದು ಆರಿಹೋಗುತ್ತದೆ, ಸಾಲು ಕರಗುತ್ತದೆ.

ಹೀಗೆ ಒಂದು ಜೀವಿ ಹೊರಬಿಟ್ಟು, ಅದೇ ಜಾತಿಯ ಇನ್ನೊಂದು ಜೀವಿಯ ವರ್ತನೆಯನ್ನು ಬದಲಿಸುವ ರಾಸಾಯನಿಕವೇ ಫೆರೊಮೋನ್. ಹಾರ್ಮೋನು ದೇಹದ ಒಳಗೇ ಕೆಲಸ ಮಾಡುತ್ತದೆ. ಫೆರೊಮೋನ್ ಒಂದು ದೇಹದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುತ್ತದೆ.

ರೇಷ್ಮೆ ಚಿಟ್ಟೆ ಕಲಿಸಿದ ಪಾಠ

ಗೂಡಿನಿಂದ ಹೊರಬಂದ ಹೆಣ್ಣು ರೇಷ್ಮೆ ಚಿಟ್ಟೆ ಕುಳಿತಲ್ಲೇ ಫೆರೊಮೋನ್ ಬಿಡುತ್ತದೆ. ಗಂಡು ಅದನ್ನು ಗರಿಯಂಥ ಕುಡಿಮೀಸೆಗಳಿಂದ ಗ್ರಹಿಸಿ, ರೆಕ್ಕೆ ಬಡಿಯುತ್ತಾ ಹೆಣ್ಣಿನ ಬಳಿಗೆ ಬರುತ್ತದೆ. ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಸಂಗಡಿಗರು ಸುಮಾರು 20 ವರ್ಷ ಶ್ರಮಿಸಿ, 1959ರಲ್ಲಿ ಈ ರಾಸಾಯನಿಕ ಯಾವುದೆಂದು ಕಂಡುಹಿಡಿದರು. ಅದಕ್ಕೆ ಬಾಂಬಿಕಾಲ್ ಎಂದು ಹೆಸರು. ಸುಮಾರು 5 ಲಕ್ಷ ಚಿಟ್ಟೆಗಳಿಂದ ಅವರಿಗೆ ದೊರೆತದ್ದು ಕೆಲವೇ ಮಿಲಿಗ್ರಾಂ! ಫೆರೊಮೋನ್ ಎಂಬ ಪದ ಹುಟ್ಟಿದ್ದೂ ಅದೇ ವರ್ಷ.

ಅಪಾಯದ ಸುದ್ದಿ

ಜೇನ್ನೊಣ ಕುಟುಕಿದಾಗ ಅದರ ಕೊಂಡಿ ನಮ್ಮ ಚರ್ಮದಲ್ಲೇ ಉಳಿಯುತ್ತದೆ. ಅಲ್ಲಿಂದ ಹೊಮ್ಮುವ ಫೆರೊಮೋನ್ 'ಶತ್ರು ಇಲ್ಲಿದ್ದಾನೆ' ಎಂದು ಉಳಿದ ನೊಣಗಳನ್ನು ಕರೆಯುತ್ತದೆ. ಅದರಲ್ಲಿರುವ ಒಂದು ರಾಸಾಯನಿಕಕ್ಕೆ ಬಾಳೆಹಣ್ಣಿನ ವಾಸನೆ. ಆದ್ದರಿಂದ ಜೇನುಗೂಡಿಗೆ ಎಂದೂ ಕಲ್ಲೆಸೆಯಬೇಡಿ. ಒಂದು ನೊಣ ಕುಟುಕಿದರೂ ಅಲ್ಲಿ ನಿಲ್ಲದೆ ಬೇಗ ದೂರ ಹೋಗಿ, ಮನೆಯೊಳಗೆ ಸೇರಿಕೊಳ್ಳಿ. ಕೊಂಡಿಯನ್ನು ತಡಮಾಡದೆ ತೆಗೆಸಿಕೊಳ್ಳಿ.

ರೈತರಿಗೆ ನೆರವು

ಬದನೆಕಾಯಿ ಹೆಚ್ಚುವಾಗ ಒಳಗೆ ಹುಳು ಕಂಡಿದ್ದೀರಾ? ಅದು ಕಾಯಿಕೊರಕ ಹುಳು. ಅದು ಕಾಯಿಯ ಒಳಗೆ ಅಡಗಿರುವುದರಿಂದ ಹೊರಗೆ ಸಿಂಪಡಿಸಿದ ವಿಷ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ವಿಷ ಮಾತ್ರ ಕಾಯಿಯ ಮೇಲೆ, ಮಣ್ಣಿನಲ್ಲಿ ಉಳಿಯುತ್ತದೆ.

ಈ ಹುಳುವೇ ಬೆಳೆದು ಪತಂಗವಾಗುತ್ತದೆ. ಹೆಣ್ಣು ಪತಂಗದ ಫೆರೊಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ರಬ್ಬರಿನ ಚಿಕ್ಕ ಬಿರಡೆಗೆ ಹೀರಿಸಿ, ಬಲೆಯೊಳಗೆ ಇಡುತ್ತಾರೆ. ಇದೇ ಮೋಹಕ ಬಲೆ. ಹೆಣ್ಣು ಇದೆಯೆಂದು ಬಂದ ಗಂಡು ಪತಂಗಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಗಂಡಿನೊಡನೆ ಕೂಡದ ಹೆಣ್ಣಿನ ಮೊಟ್ಟೆಗಳಿಂದ ಮರಿಹುಳು ಹೊರಬರುವುದಿಲ್ಲ. ಬಾಡಿದ ಕುಡಿಗಳನ್ನು, ಹುಳುಕು ಕಾಯಿಗಳನ್ನು ಕಿತ್ತು ನಾಶಮಾಡುತ್ತಾ ಈ ಬಲೆಯನ್ನೂ ಬಳಸಿದರೆ ವಿಷದ ಬಳಕೆ ಕಡಿಮೆಯಾಗುತ್ತದೆ. ಒಂದು ಜಾತಿಯ ವಾಸನೆ ಸಾಮಾನ್ಯವಾಗಿ ಆ ಜಾತಿಯನ್ನೇ ಕರೆಯುವುದರಿಂದ ಜೇನ್ನೊಣದಂಥ ಉಪಕಾರಿ ಕೀಟಗಳಿಗೆ ತೊಂದರೆಯಿಲ್ಲ.

ಮಾಡಿ ನೋಡಿ

ಗೋಡೆಯ ಮೇಲೆ ಸಾಗುವ ಕಪ್ಪಿರುವೆಗಳ ಸಾಲನ್ನು ಹುಡುಕಿ. ಎರಡು ಇರುವೆಗಳ ನಡುವೆ ತೆರವಾದ ಜಾಗವನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಇರುವೆಗಳಿಗೆ ಪೆಟ್ಟಾಗದಂತೆ ಎಚ್ಚರವಹಿಸಿ. ಅಲ್ಲಿಗೆ ಬಂದ ಇರುವೆಗಳು ಏನು ಮಾಡುತ್ತವೆ? ಸಾಲು ಮತ್ತೆ ಕೂಡಿಕೊಳ್ಳಲು ಎಷ್ಟು ನಿಮಿಷ ಬೇಕಾಯಿತು? ಬರೆದಿಟ್ಟುಕೊಂಡು, ತರಗತಿಯಲ್ಲಿ ಗೆಳೆಯರ ಉತ್ತರಗಳೊಂದಿಗೆ ಹೋಲಿಸಿ.