ಹಾಲಿನ ಚೀಟಿ ಎಷ್ಟು ದಿನ ಇರಬೇಕು?

ಮರಕ್ಕಡವು ಕಬಿನಿ ಹೊಳೆಯ ದಡದ ಊರು. ಆಚೆ ದಡ ಕರ್ನಾಟಕದ ಬೈರಕುಪ್ಪೆ. ಇಲ್ಲಿ ಒಬ್ಬ ಅಜ್ಜಿ ದಿನಾ ಡೈರಿಗೆ ಹಾಲು ಹಾಕುತ್ತಾರೆ. ಯಂತ್ರ ಚೀಟಿ ಕೊಡುತ್ತದೆ. ಅದರಲ್ಲಿ ತಾರೀಖು, ಲೀಟರು, ಫ್ಯಾಟು, ದರ ಇರುತ್ತವೆ.

"ಈ ಚೀಟಿ ಯಾಕೆ? ಎಲ್ಲಾ ಕಂಪ್ಯೂಟರಿನಲ್ಲಿ ಇದೆಯಲ್ಲ" ಅಂದರು ಅಜ್ಜಿ.

ಮೊಮ್ಮಗಳು ಕಂಪ್ಯೂಟರ್ ಕಲಿತವಳು. "ಇರುತ್ತೆ ಅಜ್ಜಿ. ಆದ್ರೆ ನಾವು ಹೇಳಿದಷ್ಟು ದಿನ ಮಾತ್ರ" ಅಂದಳು.

ಅವಳು ಒಂದು ಉದಾಹರಣೆ ಕೊಟ್ಟಳು. ಸ್ಪ್ಲಂಕ್ ಎಂಬ ತಂತ್ರಾಂಶ ಇದೆ. ಕಂಪ್ಯೂಟರುಗಳು ತಮ್ಮ ಕೆಲಸವನ್ನೆಲ್ಲ ದಿನಚರಿಯಂತೆ ಬರೆದಿಡುತ್ತವೆ. ಸ್ಪ್ಲಂಕ್ ಅದನ್ನು ಹುಡುಕಿ, ಹೇಳಿದ ಹೊತ್ತಿಗೆ ವರದಿ ಕೊಡುತ್ತದೆ. ದಿನಕ್ಕೊಮ್ಮೆ ಬರುವ ವರದಿಯನ್ನು ಸಾಮಾನ್ಯವಾಗಿ ಎರಡು ದಿನ ಇಡುತ್ತದೆ. ಆಮೇಲೆ ಅಳಿಸುತ್ತದೆ. ಇಲ್ಲದಿದ್ದರೆ ಜಾಗ ತುಂಬುತ್ತದೆ. ಅಳಿಯುವುದು ವರದಿ ಮಾತ್ರ. ದಿನಚರಿಯ ಅವಧಿ ಬೇರೆ. ವರದಿ ಹೆಚ್ಚು ದಿನ ಬೇಕೆಂದರೆ ಅವಧಿಯನ್ನು ಮೊದಲೇ ಬದಲಿಸಬೇಕು. ಅಳಿದ ಮೇಲೆ ಬದಲಿಸಿದರೆ ಹಳೆಯ ವರದಿ ಬಾರದು.

ಅಜ್ಜಿಗೆ ಹಾಲಿನ ಹಣ ಹತ್ತು ದಿನಕ್ಕೊಮ್ಮೆ. ಎರಡು ದಿನದ ಚೀಟಿ ಸಾಕೇ? ಸಾಲದು. ಒಮ್ಮೆ ಲೆಕ್ಕದಲ್ಲಿ ನಾಲ್ಕು ಲೀಟರು ಕಡಿಮೆ ಬಂತು. ಅಜ್ಜಿ ಚೀಟಿ ತೋರಿಸಿದರು. ಬಾಕಿ ಹಣ ಸಿಕ್ಕಿತು.

ಈಗ ಅಜ್ಜಿ ಇಪ್ಪತ್ತು ದಿನದ ಚೀಟಿ ಇಡುತ್ತಾರೆ. ಒಲೆಯ ಹತ್ತಿರ ಇಡುವುದಿಲ್ಲ. ಬಿಸಿಗೆ ಆ ಕಾಗದ ಕಪ್ಪಾಗಿ ಅಕ್ಷರ ಕಾಣುವುದಿಲ್ಲ. ಅದಕ್ಕೇ ಪುಸ್ತಕದಲ್ಲೂ ಬರೆಯುತ್ತಾರೆ.

ನೀವೂ ಬರೆಯಿರಿ: ತಾರೀಖು, ಲೀಟರು, ಫ್ಯಾಟು, ಹಣ.