ಮಧುಮೇಹವೂ ಆಯುರ್ವೇದದ ಪಥ್ಯವಿಚಾರವೂ

ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಪ್ರಯಾಣ ಮಾಡುವವರು ಹೊಲಗಳ ರೂಪವು ಬದಲಾಗುವುದನ್ನು ಕಣ್ಣಾರೆ ಕಾಣಬಹುದು. ಮೊದಲು ಜೋಳ, ಸಜ್ಜೆ, ತೊಗರಿ ಬೆಳೆಯುವ ಮಳೆಯಾಶ್ರಿತ ಭೂಮಿ. ಸಿಂಧನೂರು ಸಮೀಪಿಸಿದಂತೆ ಕಾಲುವೆಗಳು, ನೀರು ನಿಂತ ಭತ್ತದ ಗದ್ದೆಗಳು. 1945ರಲ್ಲಿ ಪ್ರಾರಂಭವಾದ ತುಂಗಭದ್ರಾ ಅಣೆಕಟ್ಟಿನ ಕಾರ್ಯವು 1953ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಗೆ ಹರಿದು ಬಂದಿತು. ಬರಗಾಲಕ್ಕೆ ಹೆಸರಾಗಿದ್ದ ಸೀಮೆ ಭತ್ತದ ಕಣಜವೆನಿಸಿತು.

ನೀರು ಬದಲಿಸಿದುದು ಹೊಲವನ್ನು ಮಾತ್ರವಲ್ಲ, ಒಲೆಯನ್ನೂ ಬದಲಿಸಿತು. ಜೋಳದ ರೊಟ್ಟಿ, ನವಣೆಯ ಅನ್ನ, ಪುಂಡಿಪಲ್ಯಗಳು ನಿತ್ಯದ ಆಹಾರವಾಗಿದ್ದು, ಅಕ್ಕಿಯ ಅನ್ನವು ಹಬ್ಬದ ಊಟವೆನಿಸಿದ್ದ ಮನೆಗಳಲ್ಲಿ ಪಾಲಿಶ್ ಮಾಡಿದ ಅಕ್ಕಿ ದಿನನಿತ್ಯದ ಅನ್ನವಾಯಿತು. ಉಳುವ, ಕೊಯ್ಯುವ, ಒಕ್ಕುವ ಕೆಲಸಗಳನ್ನು ಕ್ರಮೇಣ ಯಂತ್ರಗಳು ವಹಿಸಿಕೊಂಡವು. ಹಸಿವು ನೀಗಿದುದು ಮಹೋಪಕಾರವೇ ಸರಿ. ಆದರೆ ತಿನ್ನುವುದು ಹೆಚ್ಚಿ ದುಡಿಯುವುದು ಕಡಿಮೆಯಾದಲ್ಲಿ ಶರೀರವು ಏನಾಗುವುದು? ಈ ಪ್ರಶ್ನೆಯನ್ನು ನಮ್ಮ ಪ್ರಾಚೀನ ವೈದ್ಯರು ಬಹಳ ಹಿಂದೆಯೇ ಕೇಳಿದ್ದರು.

ಪ್ರಾಚೀನರ ವಿವೇಚನೆ

ಮೂತ್ರವು ಕೆಡುವ ರೋಗಗಳ ಗುಂಪಿಗೆ ಆಯುರ್ವೇದವು ‘ಪ್ರಮೇಹ’ವೆಂದು ಹೆಸರಿಟ್ಟು, ಅದರಲ್ಲಿ ಇಪ್ಪತ್ತು ಭೇದಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂದು ‘ಮಧುಮೇಹ’. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದೆಂಬ ಪೂರ್ವಲಕ್ಷಣವನ್ನು ಚರಕಸಂಹಿತೆಯು ಗುರುತಿಸಿದೆ. ರಸಾಯನಶಾಲೆಯಿಲ್ಲದ ಕಾಲದಲ್ಲಿ ಮೂತ್ರದ ಸಕ್ಕರೆಯನ್ನು ಇರುವೆಯಿಂದ ಅರಿತ ವೀಕ್ಷಣಶಕ್ತಿ ಅಲ್ಪವಾದುದಲ್ಲ.

ರೋಗದ ಕಾರಣಗಳೆಂದು ಚರಕನು ಹೇಳುವವು ಯಾವುವು? ಸುಖವಾಗಿ ಕುಳಿತಿರುವುದು, ಅತಿನಿದ್ರೆ, ಹಾಲು ಮೊಸರುಗಳ ಅತಿಸೇವನೆ, ಹೊಸ ಧಾನ್ಯ, ಬೆಲ್ಲದ ತಿನಿಸುಗಳು. ಸುಶ್ರುತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ರೋಗವು ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡು ಬಗೆಯೆಂದನು. ಮೊದಲನೆಯ ರೋಗಿ ಕೃಶನು, ಬಾಯಾರಿಕೆಯುಳ್ಳವನು. ಎರಡನೆಯವನು ಸ್ಥೂಲಕಾಯನು, ಬಹುಭೋಜಿ, ಹಾಸಿಗೆ ಪೀಠಗಳನ್ನು ಬಿಡದವನು. ಇಂದಿನ ವೈದ್ಯರು ಹೇಳುವ ಒಂದನೆಯ ಮತ್ತು ಎರಡನೆಯ ಬಗೆಯ ಮಧುಮೇಹಗಳನ್ನು ಈ ವಿಭಾಗವು ನೆನಪಿಗೆ ತರುತ್ತದೆ. ಎರಡೂ ಒಂದೇ ಎಂದು ಸಾಧಿಸಲಾಗದು.

ಚಿಕಿತ್ಸೆಯಲ್ಲಿ ಆಹಾರವಿಹಾರಗಳಿಗೆ ಹಿರಿಯ ಸ್ಥಾನವಿದೆ. ಜವೆಗೋಧಿಯೇ ಪ್ರಮೇಹಿಯ ಮುಖ್ಯ ಧಾನ್ಯವಾಗಿರಬೇಕೆಂದು ಚರಕನ ಮತ. ಸುಶ್ರುತನಾದರೋ ಧನಹೀನನಾದ ರೋಗಿಗೆ ಬರಿಗಾಲಿನಲ್ಲಿ ನೂರು ಯೋಜನ ನಡೆಯುವ, ಧನವಂತನಿಗೆ ಶ್ಯಾಮಾಕ ಮೊದಲಾದ ಕಿರುಧಾನ್ಯಗಳಿಂದ ಜೀವಿಸುವ, ಇತರರಿಗೆ ಹೊಲ ಉಳುವ, ಬಾವಿ ತೋಡುವ ಉಪಾಯಗಳನ್ನು ವಿಧಿಸಿದನು. ಒಣಭೂಮಿಯ ರೈತನು ಬಾಳಿದ ಬಾಳೇ ಇಲ್ಲಿ ಮದ್ದಾಗಿದೆಯೆಂಬುದನ್ನು ಓದುಗರು ಗಮನಿಸಬೇಕು.

ಯಾಪ್ಯವೆಂದರೇನು?

ಆಯುರ್ವೇದವು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸುತ್ತದೆ. ವಾಸಿಯಾಗುವುದು ಸಾಧ್ಯ, ಆಗದುದು ಅಸಾಧ್ಯ. ಬೇರುಸಹಿತ ಹೋಗದಿದ್ದರೂ ಪಥ್ಯ ಮತ್ತು ಔಷಧಗಳು ನಡೆಯುವವರೆಗೆ ಹತೋಟಿಯಲ್ಲಿರುವುದು ಯಾಪ್ಯ. ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆಸರೆ ಕಂಬಕ್ಕೆ ಸುಶ್ರುತನು ಈ ಚಿಕಿತ್ಸೆಯನ್ನು ಹೋಲಿಸುತ್ತಾನೆ. ಕಂಬ ತೆಗೆದರೆ ಮನೆ ಉಳಿಯದು. ದೀರ್ಘಕಾಲಿಕ ರೋಗದ ಸ್ವರೂಪವನ್ನು ಇದಕ್ಕಿಂತ ಸರಳವಾಗಿ ತಿಳಿಸುವುದು ಕಷ್ಟ.

ಆಧುನಿಕ ವಿಜ್ಞಾನದ ಪರೀಕ್ಷೆ

ಅನ್ನದ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತವನ್ನು ಸೇರುವುದು. ಮೇದೋಜೀರಕಾಂಗವು ಸ್ರವಿಸುವ ಇನ್ಸುಲಿನ್ ಅದನ್ನು ಜೀವಕೋಶಗಳೊಳಕ್ಕೆ ಬಿಡುವುದು. ಇನ್ಸುಲಿನ್ ಇಲ್ಲವಾದರೆ ಒಂದನೆಯ ಬಗೆಯ ರೋಗ. ಅದು ಇದ್ದೂ ಜೀವಕೋಶಗಳು ಅದಕ್ಕೆ ಸರಿಯಾಗಿ ಓಗೊಡದೆ, ಕ್ರಮೇಣ ಅದರ ಪೂರೈಕೆಯೂ ಸಾಲದೆ ಹೋದರೆ ಎರಡನೆಯ ಬಗೆಯದು. ಉಪವಾಸದಲ್ಲಿ ನೂರು ಮಿಲಿಲೀಟರ್ ರಕ್ತದ್ರವದಲ್ಲಿ 126 ಮಿಲಿಗ್ರಾಮ್ ಅಥವಾ ಹೆಚ್ಚು ಗ್ಲೂಕೋಸ್ ಇರುವುದು ಮತ್ತೊಮ್ಮೆ ಪರೀಕ್ಷಿಸಿದಾಗಲೂ ಕಂಡುಬಂದರೆ ಅದನ್ನು ಮಧುಮೇಹವೆನ್ನುವರು.

ಜವೆಗೋಧಿಯಲ್ಲಿ ಕರಗುವ ನಾರಿನಂಶವಿದ್ದು, ಗ್ಲೂಕೋಸ್ ರಕ್ತಕ್ಕೆ ಸೇರುವ ವೇಗವನ್ನು ಅದು ತಗ್ಗಿಸುತ್ತದೆ. ಮೆಂತ್ಯದ ಕಾಳಿನಲ್ಲಿಯೂ ಇಂತಹ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡು ಹೋಗಿ ನಾರು ಕಡಿಮೆಯಾಗಿರುತ್ತದೆ. ನಡಿಗೆಯಿಂದ ದುಡಿಯುವ ಮಾಂಸಖಂಡವಾದರೋ ಇನ್ಸುಲಿನ್ನಿನ ನೆರವನ್ನು ಕಾಯದೆಯೇ ಗ್ಲೂಕೋಸನ್ನು ಹೀರಿಕೊಳ್ಳಬಲ್ಲುದು. ಜೋಳದ ರೊಟ್ಟಿಯೂ ಪಿಷ್ಟವೇ ಆದುದರಿಂದ ಮಿತಿಯಿಲ್ಲದೆ ತಿನ್ನತಕ್ಕದ್ದಲ್ಲ.

2002ರಲ್ಲಿ ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗದ ಫಲ ಪ್ರಕಟವಾಯಿತು. ವಾರಕ್ಕೆ 150 ನಿಮಿಷ ನಡೆದು, ತೂಕವನ್ನು ಇಳಿಸಿಕೊಂಡವರಲ್ಲಿ ರೋಗವು ಶೇಕಡಾ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಗುಳಿಗೆ ಸೇವಿಸಿದವರಲ್ಲಿ ಶೇಕಡಾ 31ರಷ್ಟು. ಸುಶ್ರುತನ ನಡಿಗೆಯು ಲೆಕ್ಕದಲ್ಲಿಯೂ ಗೆದ್ದಂತಾಯಿತು. ಆ ಗುಳಿಗೆಯ ಮೂಲವನ್ನು ಹುಡುಕಿದರೂ ಯೂರೋಪಿನ ಗ್ಯಾಲೆಗ ಎಂಬ ಹಳೆಯ ಮದ್ದಿನ ಗಿಡವೇ ಸಿಗುತ್ತದೆ. ಗಿಡಮೂಲಿಕೆಯು ನಿಜವಾದ ಔಷಧವಾದುದು ಶೋಧನೆ, ಅಳತೆ, ಪರೀಕ್ಷೆಗಳನ್ನು ದಾಟಿದ ಮೇಲೆ.

ಒಂದು ಎಚ್ಚರಿಕೆ

ಬೀಜದೋಷದಿಂದ ಹುಟ್ಟುತ್ತಲೇ ಬಂದ ಪ್ರಮೇಹವು ಅಸಾಧ್ಯವೆಂದು ಚರಕನೇ ಒಪ್ಪಿಕೊಂಡಿದ್ದನು. ಅಂತಹ ಮಕ್ಕಳನ್ನು ಉಳಿಸುವ ಉಪಾಯವು ದೊರೆತುದು 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ಮೇಲೆ. ಆದುದರಿಂದ ಶಾಸ್ತ್ರದ ಹೆಸರಿನಲ್ಲಿ ಇನ್ಸುಲಿನ್ ಬಿಡಿಸಿ ಕಷಾಯ ಕುಡಿಸುವುದು ಶಾಸ್ತ್ರಕ್ಕೂ ದ್ರೋಹ, ಪ್ರಾಣಕ್ಕೂ ಅಪಾಯ. ಒಂದನೆಯ ಬಗೆಯ ರೋಗಿಯು ಕೆಲವೇ ದಿನಗಳಲ್ಲಿ ಸಾಯಬಹುದು. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ ಆಯುರ್ವೇದ ಔಷಧಗಳ ಪೈಕಿ ಸುಮಾರು ಐದರಲ್ಲಿ ಒಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತು. ಯಾವ ಪುಡಿಯನ್ನಾಗಲಿ ವೈದ್ಯರಿಗೆ ತಿಳಿಸದೆ ಸೇವಿಸಕೂಡದು.

2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಅದರ ಅಂಚಿನಲ್ಲಿರುವವರು ಇನ್ನೂ ಹೆಚ್ಚು. ಆ ಅಂಚಿನವರನ್ನು ಹಿಂದಕ್ಕೆ ಕರೆತರಲು ಕಾಲುವೆಯನ್ನು ಮುಚ್ಚಬೇಕಾಗಿಲ್ಲ. ತಟ್ಟೆಯಲ್ಲಿ ಅನ್ನವನ್ನು ಕಿರಿದು ಮಾಡಿ ಕಾಳುಪಲ್ಯಗಳಿಗೆ ಎಡೆಕೊಟ್ಟು, ದಿನವೂ ಅರ್ಧ ಗಂಟೆ ನಡೆದರೆ ಒಳ್ಳೆಯ ಆರಂಭವಾಯಿತು.

ಅಶೋಕನ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ದೊರೆತುದು ಇದೇ ಮಸ್ಕಿಯಲ್ಲಿ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿ, ಮದ್ದಿನ ಗಿಡಗಳನ್ನು ನೆಡಿಸಿದೆನೆಂದು ಆ ಅರಸನು ತನ್ನ ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅರಸನು ಗಿಡ ನೆಡಿಸಬಲ್ಲನು. ಪಥ್ಯವನ್ನು ಮಾತ್ರ ಅವರವರೇ ನಡೆಸಬೇಕು. ವಿದ್ಯಾರ್ಥಿಗಳು ಒಂದು ವಾರ ತಮ್ಮ ಮನೆಯವರು ಉಂಡುದನ್ನೂ ನಡೆದುದನ್ನೂ ಬರೆದಿಟ್ಟು ನೋಡಲಿ. ಸುಶ್ರುತನು ಹೇಳಿದ ಎರಡನೆಯ ರೋಗಿಯು ತಮ್ಮ ಮನೆಯ ಕಡೆಗೆ ಎಷ್ಟು ದೂರ ಬಂದಿದ್ದಾನೆಂಬುದು ಆ ಲೆಕ್ಕದಿಂದಲೇ ತಿಳಿಯುವುದು.